ಧನುರ್ಮಾಸದ ಬೆಂಡು

ಧನುರ್ಮಾಸದಲ್ಲಿ ಯಾರೂ ಮದುವೆಯಾಗುವುದಿಲ್ಲ.
ನಮ್ಮ ಬ್ಯಾಂಡ್‌ಸೆಟ್ಟಿನ ಕೆಂಪು ಕೋಟುಗಳು
ದಾವಣಗೆರೆಯ ಅಂಗಡಿ ಅಟ್ಟದಲ್ಲಿ
ಒಂದರ ಹೆಗಲಿಗೊಂದು ಒರಗಿ ನಿದ್ದೆ ಹೋಗುತ್ತವೆ.
ನಾನೂ ಡೋಲಿನ ಖಾದರ್‌ಬಾಷನೂ
ಸಂತೇಬೆನ್ನೂರಿನ ಮೊದಲ ಬಸ್ಸು ಹತ್ತುತ್ತೇವೆ:
ಎರಡು ಗಳು, ಎರೆಹುಳದ ಡಬ್ಬಿ,
ಪೇಪರಿನಲ್ಲಿ ಸುತ್ತಿದ ನಿನ್ನೆಯ ಮಂಡಕ್ಕಿ.

ಆ ಹೊತ್ತಿಗೆ ಸೂಳೆಕೆರೆ ಕಾಣುವುದಿಲ್ಲ.
ಏರಿ ಕಾಣುತ್ತದೆ. ಏರಿಯಾಚೆ ಬರೀ ಬಿಳಿ.
ಗುಡ್ಡಗಳು ಕಂಬಳಿ ಹೊದ್ದು
ತೀರ್ಪು ಮರೆತ ಪಂಚರ ಹಾಗೆ ಕೂತಿವೆ.
ಸಿದ್ದನ ತೂಬಿನ ಕಡೆಯಿಂದ ನೀರಿನ ಸದ್ದು,
ಮುಚ್ಚಿದ ಬಾಗಿಲ ಹಿಂದೆ ಯಾರೋ ಅಕ್ಕಿ ಕೇರಿದಂತೆ.

ಬೆರಳು ಮಡಚುವುದಿಲ್ಲ.
ಮೂವತ್ತು ವರ್ಷ ಕ್ಲಾರಿಯೋನೆಟ್ಟಿನ ತೂತು
ಮುಚ್ಚಿ ತೆರೆದ ಬೆರಳು,
ಒಂದು ಹುಳ ಚುಚ್ಚಲು ಮೂರು ಸಲ ತಪ್ಪುತ್ತದೆ.
ಉಸಿರು ಬಿಟ್ಟರೆ ಕಣ್ಣಿಗೆ ಕಾಣುತ್ತದೆ.
ಇಷ್ಟು ಕಾಲ ಊದಿದ್ದು ಇದನ್ನೇನಾ
ಎಂದು ನಿಂತು ನೋಡಿದೆ. ಚದುರಿಹೋಯಿತು.

ಬೆಂಡು ನಾನೇ ಮಾಡಿದ್ದು, ಜೋಳದ ದಂಟಿನದು,
ತುದಿಗೆ ಹೆಂಡತಿಯ ಉಗುರುಬಣ್ಣ.
ನೀರಿಗೆ ಬಿಟ್ಟೆ. ಮಂಜಿನಲ್ಲಿ ಅದೊಂದೇ ಕೆಂಪು.

ಒಂದು ತಾಸು.
ಇನ್ನೊಂದು ತಾಸು.
ಖಾದರ್ ಸುಮ್ಮನೆ ಕೂರುವ ಆಸಾಮಿಯಲ್ಲ,
ಡಬ್ಬಿಯ ಮೇಲೆ ಎರಡು ಬೆರಳಲ್ಲಿ ಬಾರಿಸುತ್ತಾನೆ.
"ಮೀನಿಗೆ ಕಿವಿ ಐತೋ ಮಾರಾಯ."
"ಇದ್ರೆ ತಾಳಕ್ಕೆ ಬರ್ಲಿ ಬಿಡು."

ಹರಿಗೋಲು ಮಗುಚಿ ಇಟ್ಟು
ಅದರ ಬೆನ್ನಿಗೆ ಬೆನ್ನು ಕೊಟ್ಟು ಬೀಡಿ ಹಚ್ಚಿದ್ದಳು ಉಚ್ಚೆಂಗೆವ್ವ.
ರಾತ್ರಿಯ ಬಲೆಗೆ ಬಿದ್ದದ್ದು ಅಂಗೈಯಗಲದ ಎಂಟು ಜಿಲೇಬಿ.
"ಮಾಗಿ ಚಳೀಲಿ ಮೀನು ಕಚ್ಚಲ್ಲಣ್ಣ, ಕೇಳ್ತೈತೆ," ಅಂದಳು.
"ಬಾಗ್ಲು ಬಡ್ದು ಸುಮ್ಕಾಗೋ ನೆಂಟ ಇದ್ದಂಗೆ.
ಮೊದ್ಲನೇ ಬಡಿತಕ್ಕೆ ಓ ಅನ್ನಬ್ಯಾಡ.
ಇನ್ನೊಂದ್ಸಲ ಬಡೀಲಿ."

ಬೆಂಡು ಮುಳುಗಲಿಲ್ಲ. ವಾಲಿತು,
ಬಸ್ಸಿನಲ್ಲಿ ಪಕ್ಕದವನ ಭುಜಕ್ಕೆ
ತಲೆ ಒರಗಿಸಲೋ ಬೇಡವೋ ಎಂಬಂತೆ.
ಮತ್ತೆ ನೆಟ್ಟಗಾಯಿತು.
ನಾನು ಓ ಅನ್ನಲಿಲ್ಲ.
ಖಾದರನ ಬೆರಳೂ ನಿಂತಿತ್ತು.
ಮತ್ತೆ ವಾಲಿದಾಗ ಎಳೆದೆ.

ಬೇಸಿಗೆಯ ಮೀನು ಜಗಳಕ್ಕೆ ಬರುತ್ತದೆ.
ಇದು ಬಂದದ್ದು ಭಾರವಾಗಿ,
ನಿದ್ದೆಗಣ್ಣಿನ ಹುಡುಗನನ್ನು ಹಾಸಿಗೆಯಿಂದ ಎಬ್ಬಿಸಿದ ಹಾಗೆ.
ದಡದ ಹತ್ತಿರ ಒಮ್ಮೆ ಎಚ್ಚರಾಯಿತು,
ಗಳು ಬಾಗಿತು, ನನ್ನ ಚಪ್ಪಲಿ ಒಂದು ನೀರಿಗೆ ಹೋಯಿತು.
ಗೆಂಡೆ. ಎರಡು ಕಿಲೋಗೆ ಮೋಸವಿಲ್ಲ.

ತುಟಿಯಲ್ಲಿ ನನ್ನ ಗಾಳ.
ಅದರ ಪಕ್ಕ ಇನ್ನೊಂದು,
ಕಂದು ತುಕ್ಕಿನದು, ಸುತ್ತ ಮಾಂಸ ಬೆಳೆದು
ಮೂಗುತಿಯಂತೆ ಕೂತಿತ್ತು,
ಗೇಣುದ್ದ ದಾರವನ್ನೂ ಎಳೆದುಕೊಂಡು.

ಉಚ್ಚೆಂಗೆವ್ವ ದಾರ ಹಿಡಿದು ನೋಡಿದಳು.
ಬೀಡಿ ಬಾಯಿಂದ ತೆಗೆದಳು.
"ಈ ಗಂಟು ಈಗ ಯಾರೂ ಹಾಕಂಗಿಲ್ಲ."
ಯಾರದು ಎಂದು ಕೇಳಿದೆ.
ಅವಳು ಹರಿಗೋಲಿನ ಡಾಂಬರು ಕೆರೆಯುತ್ತ
ಹೊತ್ತು ಬಂದಿದೆಯಾ ಎಂದು ಗುಡ್ಡದ ಕಡೆ ನೋಡಿದಳು.

ಮೀನನ್ನು ವಾಪಸು ಬಿಟ್ಟೆ ಎಂದರೆ
ಕೇಳುವವರಿಗೆ ಹಿತ.
ಬಿಡಲಿಲ್ಲ. ತಲೆ ಅವಳಿಗೆ ಕೊಟ್ಟೆವು.
ಉಳಿದದ್ದು ಅವತ್ತು ರಾತ್ರಿ ಖಾದರನ ಮನೆಯಲ್ಲಿ
ಹುಣಸೆಹುಳಿ, ಬೆಳ್ಳುಳ್ಳಿ, ಬ್ಯಾಡಗಿ ಖಾರ, ಬಿಸಿ ರೊಟ್ಟಿ.
ಒಂದೇ ಚಪ್ಪಲಿಯಲ್ಲಿ ಬಂದೆನೆಂದು
ಅವನ ಮಕ್ಕಳು ನಕ್ಕಿದ್ದೇ ನಕ್ಕಿದ್ದು.
ತುಕ್ಕಿನ ಗಾಳ ಮಾತ್ರ
ಎಸೆಯಲು ಮನಸ್ಸಾಗದೆ ರೀಡಿನ ಡಬ್ಬಿಗೆ ಹಾಕಿದೆ.

ಸಂಕ್ರಾಂತಿ ಕಳೆದು ಮೊದಲ ಲಗ್ನ, ಹರಿಹರದಲ್ಲಿ.
ಕೋಟಿನ ತುಂಬ ನುಸಿಗುಳಿಗೆಯ ವಾಸನೆ.
ರೀಡು ತೆಗೆದರೆ ಅಂಚಿಗೆ ಒಂದು ಹುರುಪೆ ಅಂಟಿತ್ತು,
ಉಗುರಿನಷ್ಟು, ಬೆಳಕು ಹಿಡಿಯುವಂಥದು.
ಒರೆಸಿ ಬಾಯಿಗಿಟ್ಟೆ.
ನಾಲಿಗೆಗೆ ಕೆರೆಯ ತಣ್ಣನೆ ಕೆಸರು.

ಮದುಮಗ ಕುದುರೆ ಹತ್ತಿಯಾಗಿತ್ತು.
ಖಾದರ್ ಡೋಲಿಗೆ ಒಂದು ಪೆಟ್ಟು ಕೊಟ್ಟು ನನ್ನತ್ತ ನೋಡಿದ.
ನಾನು ಉಸಿರು ಕಟ್ಟಿ ನಿಂತೇ ಇದ್ದೆ.
"ಊದಲೇ," ಅಂದ, ಹಲ್ಲುಕಚ್ಚಿ,
ಮತ್ತೆ ಬಡಿದ.