ಅಚ್ಚು ಕಾಯಬೇಕು

ಆರ್ವಿಡ್ ತೀರಿಕೊಂಡ ಆರನೆಯ ವಾರ ಇನೆಜ್ ಫೋನು ಮಾಡಿದಳು:
ಬಂದು ಸೀಸ ಒಯ್ಯಿ, ಗ್ಯಾರೇಜಿನ ಹಲಗೆ ಜಗ್ಗುತ್ತಿದೆ.
ಟೈರ್ ಅಂಗಡಿಯ ಟ್ರಕ್ಕು ತಂದೆ.
ನಾಲ್ಕನೆಯ ಬಕೆಟ್ಟಿಗೆ ಹಿಂದಿನ ಸ್ಪ್ರಿಂಗು ಕೂತೇಬಿಟ್ಟಿತು.

ಆ ಬಕೆಟ್ಟುಗಳು ನನಗೆ ಗೊತ್ತು. ಹನ್ನೊಂದು ವರ್ಷ
ಪ್ರತಿ ಶುಕ್ರವಾರ ನಾನೇ ತುಂಬಿ ಕೊಟ್ಟವು:
ಚಕ್ರದ ಅಂಚಿನಿಂದ ಕಿತ್ತ ತೂಕದ ತುಂಡುಗಳು,
ಗ್ರೀಸು, ವಾಲ್ವಿನ ಟೊಪ್ಪಿಗೆ, ಯಾರದೋ ಸಿಗರೇಟಿನ ಮೋಟು ಎಲ್ಲ ಸೇರಿ.
ಅವನು ಒಂದೊಂದನ್ನೂ ಇಕ್ಕಳದಲ್ಲಿ ಕಚ್ಚಿಸಿ ನೋಡುತ್ತಿದ್ದ.
ಹಲ್ಲಿನ ಗುರುತು ಮೂಡಿದರೆ ಸೀಸ, ಮೂಡದಿದ್ದರೆ ಸತು.
"ಒಂದು ಸತು ಸಾಕು ಹುಡುಗಿ, ಇಡೀ ಪಾತ್ರೆ ಗಂಜಿ."
ಒಂದು ಸಲ ಆಯಿತು ಕೂಡ. ತಪ್ಪು ನನ್ನದು.
ಬೈಯಲಿಲ್ಲ. ಹದಿನೆಂಟು ಪೌಂಡು ಗಂಜಿಯನ್ನು ಆರಲು ಬಿಟ್ಟು
ಗ್ಯಾರೇಜಿನ ಬಾಗಿಲಿಗೆ ಒತ್ತುಗಲ್ಲು ಮಾಡಿಕೊಂಡ.

ಎರೆಯಲು ಕಲಿಸಿದ್ದು ಮೊಂಟಾನಾದ ಜನವರಿಯಲ್ಲಿ, ಕಿಟಕಿ ತೆರೆದಿಟ್ಟು,
ಮಸಲ್‌ಶೆಲ್ ಹೊಳೆ ಮೇಲೆ ಹೆಪ್ಪುಗಟ್ಟಿ ಒಳಗೆ ಹರಿಯುತ್ತಿದ್ದಾಗ.
ಜೇನುಮೇಣ ಒಂದು ಉಂಡೆ ಹಾಕು. ಹೊಗೆಗೆ ಕಡ್ಡಿ ಗೀರು.
ಕಲಕು. ಕಿಟ್ಟ ಕೆನೆಗಟ್ಟುತ್ತದೆ, ತೆಗೆ.
ಕೆಳಗೆ ಕನ್ನಡಿ. ಮುಖ ನೋಡಿಕೊಳ್ಳಲು ಬಗ್ಗಬೇಡ,
ಹಣೆಯ ಬೆವರು ಒಂದು ಹನಿ ಬಿದ್ದರೂ
ಸೂರಿಗೆಲ್ಲ ಬೆಳ್ಳಿ ಬಳಿಯುತ್ತದೆ. ನಿನಗೂ.
ಮೊದಲ ಹತ್ತು ಗುಂಡು ಮುದುಕರ ಕೆನ್ನೆ, ಪಾತ್ರೆಗೆ ವಾಪಸು.
ಅಚ್ಚು ಕಾಯಬೇಕು.
ಅಚ್ಚಿಗೆ ನೀನೂ ಕಾಯಬೇಕು.
ಕಾದರೆ ನುಣುಪು. ಅತಿ ಕಾದರೆ ಇಬ್ಬನಿ ಕೂತ ಹಾಗೆ ಮಂಕು,
ಮಂಕಾದದ್ದೂ ನೇರವೇ ಹೋಗುತ್ತದೆ, ಎಸೆಯಬೇಡ.
ಹಳೆಯ ಸುತ್ತಿಗೆಯ ಕಾವಿನಿಂದ ಟಕ್ ಎಂದು ತಟ್ಟಿದರೆ
ಮಡಿಸಿದ ಟವೆಲ್ಲಿನ ಮೇಲೆ ಬೀಳುತ್ತದೆ,
ಕೋಳಿ ಇಟ್ಟದ್ದಕ್ಕಿಂತ ಎಷ್ಟೋ ಬಿಸಿ, ಮುಟ್ಟಬೇಡ.
(ಮುಟ್ಟಿದೆ.)
ಕೈ ತೊಳೆ. ಮತ್ತೆ ತೊಳೆ. ಆಮೇಲೆ ಬ್ರೆಡ್ಡು.

ಮಾರ್ಚಿನಲ್ಲಿ ಕಣಿವೆಯ ಮಣ್ಣುದಿಬ್ಬಕ್ಕೆ ಹೊಡೆದೆವು,
ಅವನ ಮೂವತ್ತು-ಮೂವತ್ತು, ನನ್ನ ಮೂವತ್ತೆಂಟರ ರಿವಾಲ್ವರು.
ಕಾಫಿಡಬ್ಬ ಒಮ್ಮೊಮ್ಮೆ ಬೀಳುತ್ತಿತ್ತು.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಸೀಸ ಎಲ್ಲಿಗೂ ಹೋಗುವುದಿಲ್ಲ.
ಮೇ ತಿಂಗಳಲ್ಲಿ ಜರಡಿ ಹಿಡಿದು ಅಗೆದರೆ ಎಲ್ಲ ಅಲ್ಲೇ,
ಅಣಬೆಯಾಗಿ ಅರಳಿದವು, ಬೆನ್ನು ಮುರಿದವು, ಬೇರಿಗೆ ಹಲ್ಲೂರಿದವು.
ಐವತ್ತೆಂಟನೆಯ ಇಸವಿಯಲ್ಲಿ ಅವನ ಅಣ್ಣ ಗುರಿ ತಪ್ಪಿದ್ದೂ ಇತ್ತಂತೆ.
ಹೇಗೆ ಗೊತ್ತು ಅಂದೆ.
ಗೊತ್ತಿಲ್ಲ, ಅಂದ. ಇರಬೇಕಲ್ಲ.
ಮತ್ತೆ ಪಾತ್ರೆ, ಮತ್ತೆ ಮೇಣ.
ತಪ್ಪಿದ್ದನ್ನೇ ತುಂಬಿಕೊಂಡು ತಿರುಗಿ ಹೊಡೆಯುತ್ತಿದ್ದೆ.

ಇವತ್ತು ಐದನೆಯ ಬಕೆಟ್ಟು. ಇದರ ಬಣ್ಣ ಬೇರೆ.
ಊರಿನ ಪತ್ರಿಕೆ ಮುಚ್ಚಿದಾಗ ಹರಾಜಿನಲ್ಲಿ ಕೂಗಿ ತಂದ
ಅಚ್ಚುಮನೆಯ ಲೋಹ, ಗಡುಸು, ರೈಫಲ್ಲಿಗೆ ಹೇಳಿಸಿದ್ದು.
ಸಾಲಿಗೆ ಸಾಲೇ ಎರಕ: ಮದುವೆಗಳು, ಹಿಮದ ಇಂಚು,
ಕುರಿಯ ದರ, ತೀರಿಕೊಂಡವರು.
ಮುಕ್ಕಾಲು ಪಾಲು ಆಗಲೇ ಗಟ್ಟಿಯಾಗಿ, ಗುಂಡಾಗಿ, ದಿಬ್ಬದೊಳಗಿದೆ.
ತಳದಲ್ಲಿ ಒಂದೇ ಒಂದು ಸಾಲು, ಕಾಲುಚೀಲದಲ್ಲಿ ಸುತ್ತಿ.
ಉಲ್ಟಾ ಅಕ್ಷರ. ಟ್ರಕ್ಕಿನ ಕನ್ನಡಿಗೆ ಹಿಡಿದೆ,
ಇನೆಜ್ ಕನ್ನಡಕ ಮೂಗಿಗೇರಿಸಿದಳು.

ಒಣಹುಲ್ಲು ಮಾರಾಟಕ್ಕಿದೆ. ಕತ್ತಲಾದ ಮೇಲೆ ಫೋನು ಮಾಡಿ.

ನಾವು ಹುಲ್ಲು ಮಾರಿದವರೇ ಅಲ್ಲವಲ್ಲ, ಅಂದಳು.
ನಂಬರು ಮುಂದಿನ ಸಾಲಿನಲ್ಲಿ ಇತ್ತೇನೋ;
ಅದು ಯಾವ ಜಿಂಕೆಯ ಪಕ್ಕೆ ಹೊಕ್ಕು ಹೊರಬಿತ್ತೋ.
ಇನ್ನೊಮ್ಮೆ ಓದಿದೆವು. ಅಷ್ಟೇ ಇತ್ತು.

ಇನೆಜ್ ಅದನ್ನು ಕಾಲುಚೀಲ ಸಮೇತ ಕೋಟಿನ ಜೇಬಿಗಿಳಿಸಿದಳು.
ಉಳಿದದ್ದನ್ನೆಲ್ಲ ಕರಗಿಸಿಕೋ, ಅಂದಳು.
ಆ ಗಂಜಿಯ ಕಲ್ಲು ಮಾತ್ರ ಬಾಗಿಲಲ್ಲೇ ಇರಲಿ.
ಇಲ್ಲಿ ಗಾಳಿ ಜಾಸ್ತಿ.