ಗುಡಿಸು

ಮಂಡಿ ಮೊಹಲ್ಲಾದ ನಮ್ಮ ಅಚ್ಚುಕೂಟದಲ್ಲಿ
ನಿಘಂಟಿನ ಮೊದಲ ಸಂಪುಟ ಏರುತ್ತಿದ್ದ ಕಾಲ,
ನಾನು ಕರಡು ತಿದ್ದುವವನು.
ಅಕಾರ ಒಂದಕ್ಕೇ ಎರಡು ಯುಗಾದಿ ಬೇಕಾಯಿತು,
ಕನ್ನಡಕದ ಗಾಜು ಒಮ್ಮೆ ಬದಲಾಯಿತು.

ಆ ದಿನದ ಕರಡಿನಲ್ಲಿ
ಅರಲ್: ಹೂವು.
ಒಂದು ಕಾಲಂ ದಾಟಿದರೆ ಮತ್ತೆ
ಅರಲ್: ನಕ್ಷತ್ರ.
ತಪ್ಪು. ಎರಡನೆಯದು ಅರಿಲ್.
ಹಳಗನ್ನಡದವರು ಹೂವಿಗೂ ಚುಕ್ಕಿಗೂ ನಡುವೆ
ಇಟ್ಟುಕೊಂಡ ದೂರ ಇಷ್ಟೇ,
ರಕಾರದ ತಲೆ ಸುತ್ತಿಕೊಂಡರೆ ಆಕಾಶ
ಇಲ್ಲವಾದರೆ ಹಿತ್ತಲು.
ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆ: ಗುಡಿಸು.

ಹಲಗೂರಿನಿಂದ ಬಂದು ಎಂಟು ದಿನವಾಗಿದ್ದ ಮಂಟಯ್ಯ
ಕರಡು ಒಳಗೆ ಒಯ್ದವನು
ಪೊರಕೆ ಹಿಡಿದು ಬಂದ.
ಕಾಗುಣಿತ ಅವನೂ ಒಪ್ಪಿಸಿದ್ದವನೇ,
ಆದರೆ ಕೆಂಪು ಶಾಯಿಯಲ್ಲಿದ್ದರೆ
ಅದು ಅಪ್ಪಣೆ ತಾನೆ?

ಮೊಳೆ ಜೋಡಿಸುವ ಗೌಸ್ ಪೀರ್ ಸಾಬರು ನಕ್ಕೂ ನಕ್ಕೂ
ಹಲಗೆಗೆ ತಲೆ ತಾಗಿಸಿಕೊಂಡರು.
ಅಷ್ಟರಲ್ಲಿ ಹುಡುಗ ಪೆಟ್ಟಿಗೆಗಳ ಅಡಿಯಿಂದ
ನಲವತ್ತು ವರ್ಷದ ಕಸ ಎಳೆದಿದ್ದ.
ಬೀಡಿ ತುಂಡು, ಕೊಂಬು ಮುರಿದ ಅಕ್ಷರಗಳು,
ಯಾವ ಶುಕ್ರವಾರದ್ದೋ ಒಣಗಿದ ನಂದಬಟ್ಟಲು,
ಸೀಸದ ಹುಡಿ,
ಅದರೊಳಗೆ ಹನ್ನೊಂದು
ಚಿಕ್ಕ ಐದು ಮೂಲೆಯ ಮೊಳೆ.

"ಏನ್ ಸಾಮಿ ಇವು?"
"ಸ್ಟಾರು," ಅಂದರು ಸಾಬರು. "ಅಡಿಟಿಪ್ಪಣಿಯವು.
ಇಲಿ ತಿಂತು ಅಂದ್ಕೊಂಡಿದ್ದೆ."
ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.
ನಕ್ಷತ್ರ ಅನ್ನಬೇಕಪ್ಪ,
ಕ್ಷಯವಿಲ್ಲದ್ದು ಅಂತ ಪಂಡಿತರು ಪದ ಬಿಡಿಸುತ್ತಾರೆ ಎಂದೆ,
ಬೆರಳಲ್ಲಿದ್ದದ್ದರ ಒಂದು ಮೂಲೆ
ಪೂರಾ ಸವೆದಿತ್ತು.

ಮಂಟಯ್ಯ ಅಂಗೈಯಲ್ಲಿಟ್ಟು ತಿರುವಿ ನೋಡಿದ.
"ನಮ್ಮೂರಲ್ಲಿ ಚುಕ್ಕಿ ಅಂತೀವಿ.
ಚುಕ್ಕಿ ಅಂದ್ರೆ ಬೊಟ್ಟು.
ಬೊಟ್ಗೆ ಎಲ್ಲಾದ್ರೂ ಮೂಲೆ ಇದ್ದಾದಾ?
ಮೂಲೆ ಇರಾದು ಹೂವ್ಗೆ."

ಅಕಾರದಲ್ಲಿ ಉತ್ತರವಿರಲಿಲ್ಲ.
ಚಕಾರಕ್ಕೆ ಇನ್ನೂ ಹತ್ತು ವರ್ಷ ಬೇಕಿತ್ತು.

ಆ ರಾತ್ರಿ ಮನೆಗೆ ನಡೆವಾಗ
ಅಶೋಕ ರಸ್ತೆಯಲ್ಲಿ ಕರೆಂಟು ಹೋಯಿತು.
ತಲೆ ಎತ್ತಿದೆ. ಚುಕ್ಕಿ. ಬರೀ ಚುಕ್ಕಿ,
ಮಂಟಯ್ಯ ಹೇಳಿದ ಹಾಗೆಯೇ.
ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ
ಮತ್ತೆ ನೋಡಿದರೆ
ಒಂದೊಂದಕ್ಕೂ ಎಸಳು.
ಕಣ್ಣು ಕಿರಿದು ಮಾಡಿದೆ, ಎಸಳು ಉದ್ದವಾದವು.
ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದು ಬೈದು ಹೋದ.
ಬೀದಿಯ ನಡುವೆ ನಿಂತಿದ್ದೆನಂತೆ.
ಗಾಜು ಒರೆಸಿಯಾಗಿ ಬಹಳ ಹೊತ್ತಾಗಿತ್ತು,
ಏರಿಸಿಕೊಳ್ಳಲಿಲ್ಲ.

ಕಸದ ಗದ್ದಲದಲ್ಲಿ ಆ ಕರಡು ಎಲ್ಲೋ ಸೇರಿ
ಪುಟ ತಿದ್ದದೆಯೇ ಅಚ್ಚಾಯಿತು.
ಇಂದಿಗೂ ನೋಡಬಹುದು,
ಅರಲ್: ಹೂವು.
ಅರಲ್: ನಕ್ಷತ್ರ.
ಒಪ್ಪೋಲೆಯನ್ನು ಸಿದ್ಧಪಡಿಸಿದವನು ನಾನೇ,
ಇದನ್ನು ಸೇರಿಸಲಿಲ್ಲ.

ನನ್ನ ಪ್ರತಿಯಲ್ಲಿ ಮಾತ್ರ ಆ ಪದದ ನೆತ್ತಿಗೆ
ಸವೆದ ಮೊಳೆಯನ್ನು ಶಾಯಿಗದ್ದಿ ಕೈಯಿಂದಲೇ ಒತ್ತಿದ
ಒಂದು ಸ್ಟಾರು.
ಪುಟದ ಕೆಳಗೆ ಹುಡುಕಬೇಡಿ,
ಟಿಪ್ಪಣಿ ಬರೆದಿಲ್ಲ.