ಬಾಬತ್ತು ಸಿಗದ ಮೂರು ಸಾವಿರ

ಚಷ್ಮಾ ಅಂಗಡಿ ಶಟರ್ ಎತ್ತೂದರಾಗ ಫೋನು ಗುಂಯ್ ಅಂತು:
ನಿಮ್ಮ ಗಾಡಿಯ ಕನೆಕ್ಟ್ ಸೇವೆ ಇನ್ನು ಒಂಬತ್ತು ದಿನ.
ಮುಂದುವರಿಸಲು ನಾಲ್ಕು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು.
ಒಂದು ರೂಪಾಯಿ ಬಿಟ್ಟಾರ, ದೊಡ್ಡ ಮನಸು.

ಮೂರು ವರ್ಷ ಪುಕ್ಕಟ ಇತ್ತು.
ಸೋಲಾಪುರ ರಸ್ತೆದ ಶೋರೂಮಿನ್ಯಾಗ
ಗಾಡಿಗೆ ಮಾಲಿ ಹಾಕಿ ಕೀಲಿ ಕೊಡೂ ಮುಂದ
ಟೈ ಕಟ್ಟಿದ ಹುಡುಗ ಅಂದಿದ್ದ:
ಮೇಡಂ, ಇನ್ನ ಗಾಡಿ ನಿಮ್ಮ ಅಂಗೈಯಾಗ.
ಇವರದು ಗುಂಡಿ ಒತ್ತೂ ಫೋನು. ಹಂಗಾಗಿ ನನ್ನದರಾಗ ಹಾಕಿಕೊಟ್ಟ.

ಬಿಲ್ ಪುಸ್ತಕದ ಹಿಂದ ಲೆಕ್ಕ ಬರಕೊಂತ ಕುಂತೆ.
ಕಿಡಕಿ ತಗಿ ಅಂದ್ರ ಅದಕ್ಕ ತಿಳೀಲಿಲ್ಲ,
ಹಿಂದಿಯೊಳಗ ಹೇಳಿದೆ, ಇಂಗ್ಲೀಷಿನ್ಯಾಗ ಹೇಳಿದೆ,
ಹತ್ತಿರದ ಆಸ್ಪತ್ರಿಗೆ ದಾರಿ ತೋರಿಸ್ತು.
ನೆತ್ತಿ ಮ್ಯಾಲಿನ ಗಾಜು ತಗದದ್ದು ಒಮ್ಮೆ;
ತಿಕೋಟಾದ ಧೂಳು ಮೂರು ದಿನ ತಲಿಯಿಂದ ಉದುರ್ತಿತ್ತು.
ಖರೇ ಉಪಯೋಗ ಅಂದ್ರ ಮೇ ತಿಂಗಳು:
ಗಾಂಧಿ ಚೌಕಿನ್ಯಾಗ ನಿಂತ ಗಾಡಿ ಕಾದ ಹಂಚು,
ಅಂಗಡ್ಯಾಗಿಂದನ ಏಸಿ ಹಚ್ಚಿ
ಹತ್ತು ನಿಮಿಷ ಬಿಟ್ಟು ಹೋಗಿ ಕುಂದ್ರೂದು.
ಅದಕ್ಕ ಒಂದು ಸಾವಿರ ಹಿಡಿ.
ಕಳುವಾದ್ರ ಗೊತ್ತಾಗತೈತಿ, ಅದಕ್ಕೊಂದು ಸಾವಿರ.
ನಮ್ಮ ಗಲ್ಲಿಯಾಗ ಕಳುವಾಗಿದ್ದು ಒಂದು ಸೈಕಲ್ಲು, ಅದೂ ತಿರುಗಿ ಬಂತು.
ಉಳಿದ ಮೂರು ಸಾವಿರಕ್ಕ ಬಾಬತ್ತು ಸಿಗಲಿಲ್ಲ.

ಸಿಗಲಿಲ್ಲ ಅಂದ್ರ, ಬರೀಲಿಲ್ಲ.

ಗುರುವಾರ ಗುರುವಾರ ನಾಲ್ಕೂವರಿಗೆ
ನಕಾಶೆದಾಗಿನ ನೀಲಿ ಚುಕ್ಕಿ
ಮನೂಕದ ಕೋಲ್ಡ್ ಸ್ಟೋರೇಜ್ ಬಿಟ್ಟು
ಮನೀ ದಾರಿ ಹಿಡೀದ
ಭೂತನಾಳ ಕೆರೀ ಕಡೆ ಹೊರಳತೈತಿ.
ಎಂಜಿನ್ ಬಂದ್. ಬಾಗಿಲು ಲಾಕ್. ನಲವತ್ತು ನಿಮಿಷ.
ಒಮ್ಮೊಮ್ಮೆ ಐವತ್ತು.
ಟೈರಿನ ಗಾಳಿ ಹೇಳತೈತಿ, ಟಾಕಿಯಾಗಿನ ಎಣ್ಣಿ ಹೇಳತೈತಿ,
ಒಳಗ ಕುಂತವರು ಏನ ಮಾಡ್ತಾರ
ಅಂತ ಹೇಳೂ ಗುಂಡಿ ಇಲ್ಲ.
ನಾ ಕೇಳಿಲ್ಲ. ಎರಡು ವರ್ಷ ಆತು.
ದಿನಾ ಮಂದಿ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಕೇಳತೀನಿ,
ಇದರಾಗ ಚೊಲೊ ಕಾಣತೈತೋ, ಇದರಾಗೋ?
ಮನಿಗೆ ಬಂದು ಇವರು ಕೈಕಾಲು ತೊಳಕೊಂಡು
ರೇಟು ಬಿತ್ತು, ಅಂತಾರ.
ನಾ ರೊಟ್ಟಿ ಬಡೀತೀನಿ.
ಬಡಿಯೂ ಸಪ್ಪಳದಾಗ ಇನ್ನೊಂದು ಮಾತು ಮುಚ್ಚಿ ಹೋಗತೈತಿ.

ರಾತ್ರಿ ಊಟಕ್ಕ ಕುಂತಾಗ ಹೇಳಿದೆ:
ರೊಕ್ಕ ಕೇಳ್ಯಾರ. ಬಂದ್ ಮಾಡಿಬಿಡೂಣು?
ಎರಡು ರೂಪಾಯಿ ಸಲುವಾಗಿ ಸಂತ್ಯಾಗ
ಮುಳಗಾಯಿ ತಿರುಗಿ ಬುಟ್ಟಿಗೆ ಒಗಿಯೂ ಮನಿಷಾ
ತಾಟಿನ ಮ್ಯಾಲಿನ ಕಣ್ಣು ಎತ್ತಲಿಲ್ಲ.
ಇರ್ಲಿ, ಅಂದ್ರು. ಕಟ್ಟು.
ಯಾಕ?
ಇರ್ಲಿ ಅಂದ್ನೆಲ್ಲ.
ಆಮ್ಯಾಲ ಶೇಂಗಾ ಹಿಂಡಿ ಹಾಕ್ಕೊಂಡು
ಬ್ಯಾರೆ ಯಾರಿಗೋ ಅಂದಂಗ,
ನಾ ಎಲ್ಲಿದೀನಿ ಅಂತ ಯಾರಿಗರ ಗೊತ್ತಿರಬೇಕು.

ಹಂಗಾದ್ರ ಗೊತ್ತಿತ್ತು ಇವರಿಗೆ.
ಚುಕ್ಕಿ ನಾ ನೋಡ್ತೀನಂತ ಗೊತ್ತಿದ್ದನ
ಅಲ್ಲಿ ಹೋಗಿ ನಿಲ್ಲತಿದ್ರೋ?

ಗುರುವಾರ. ಇನ್ನ ಮೂರು ದಿನ.
ನಾಲ್ಕಕ್ಕ ಅಂಗಡಿ ಮೈನುದ್ದೀನಗ ಒಪ್ಪಿಸಿ ಆಟೋ ಹಿಡಿದೆ.
ನೂರಾ ಇಪ್ಪತ್ತು ಅಂದ, ಜಗಳ ತಗೀಲಿಲ್ಲ.
ಕೆರಿ ಅರ್ಧ ಬತ್ತಿತ್ತು.
ಜಾಲಿ ಕೆಳಗ ಬಿಳೇ ಗಾಡಿ, ನಮ್ಮದ.
ಒಳಗ ಸ್ಟೇರಿಂಗ್ ಮ್ಯಾಲ ಎರಡೂ ಕೈ ಇಟ್ಟು
ಓಡಸಾಕ ಹತ್ತಿದವರಂಗ
ನೀರು ನೋಡ್ಕೊಂತ ಕುಂತಿದ್ರು.
ಹಾಡಿಲ್ಲ. ಯಾರೂ ಇಲ್ಲ.
ಕೂಗಬಹುದಿತ್ತು. ಗಾಜು ಬಡೀಬಹುದಿತ್ತು.
ಫೋನು ತಗದೆ. ಚುಕ್ಕಿ ಇಲ್ಲೇ ಇತ್ತು, ನನ್ನ ಚಪ್ಪಲಿ ಮುಂದ.
ಬೀಗದ ಗುರುತು ಒತ್ತಿದೆ.
ನೆಟ್‌ವರ್ಕ್ ಒಂದ ಕಡ್ಡಿ. ತಿರುಗಿತು, ತಿರುಗಿತು,
ನಾಲ್ಕೂ ಬಾಗಿಲು ಒಮ್ಮೆಲೆ ಟಕ್ ಅಂದ್ವು.

ಇವರು ತಿರುಗಿ ನೋಡಿದ್ರು.
ಬಾಜೂ ಸೀಟಿನ ಮ್ಯಾಲಿನ ಚೀಲ
ಎತ್ತಿ ಹಿಂದ ಇಟ್ರು.